ಸೊನ್ನೆ: ಚಿಹ್ನೆಯಿಂದ ಸಂಖ್ಯೆಯವರೆಗೆ

ಸೊನ್ನೆಯನ್ನು ಆರ್ಯಭಟನು ಕಂಡುಹಿಡಿದನೆಂಬ ಮಾತು ಜನಮನದಲ್ಲಿ ಬೇರೂರಿದೆ. ಕ್ರಿ.ಶ. ೪೯೯ರ ಕಾಲವನ್ನು ಸೂಚಿಸುವ ಆರ್ಯಭಟೀಯದಲ್ಲಿ ಸ್ಥಾನಮೌಲ್ಯದ ಸ್ಪಷ್ಟ ತಿಳಿವಳಿಕೆಯಿದೆ. ಆದರೆ ಶೂನ್ಯವನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳಿಲ್ಲ. ಬರಿದಾದ ಸ್ಥಾನವನ್ನು ತೋರಿಸುವ ಚಿಹ್ನೆಯನ್ನೂ ಲೆಕ್ಕಕ್ಕೆ ಒಳಪಡುವ ಸಂಖ್ಯೆಯನ್ನೂ ಒಂದೆಂದು ಭಾವಿಸಿದ್ದರಿಂದಲೇ ಈ ಗೊಂದಲ ಹುಟ್ಟಿದೆ.

ಚಿಹ್ನೆಯಷ್ಟನ್ನೇ ನೋಡುವುದಾದರೆ ಅದು ಭಾರತದ ಸೊತ್ತು ಮಾತ್ರವಲ್ಲ. ಬ್ಯಾಬಿಲೋನಿಯದ ಲಿಪಿಕಾರರೂ ಮಧ್ಯ ಅಮೆರಿಕದ ಮಾಯಾ ಜನರೂ ಅಂಥದನ್ನು ಬಳಸಿದ್ದರು. ಭಾರತೀಯ ಅಂಕಪದ್ಧತಿಯ ಸೊನ್ನೆಗೆ ಕಾಲ ನಮೂದಿಸಿದ ಪ್ರಾಚೀನ ಶಾಸನಾಧಾರವೂ ದೊರೆತಿರುವುದು ಕಾಂಬೋಡಿಯದಲ್ಲಿ. ಅಲ್ಲಿನ ಸಂಬೋರ್ ಶಾಸನದಲ್ಲಿ ಶಕವರ್ಷ ೬೦೫ನ್ನು (ಕ್ರಿ.ಶ. ೬೮೩) ಬರೆಯುವಾಗ ನಡುವಿನ ಸ್ಥಾನದಲ್ಲಿ ಒಂದು ಬಿಂದುವನ್ನು ಇಡಲಾಗಿದೆ. ಗ್ವಾಲಿಯರಿನ ಚತುರ್ಭುಜ ದೇವಾಲಯದ ಕ್ರಿ.ಶ. ೮೭೬ರ ಶಾಸನದಲ್ಲಿ ಹೂದೋಟದ ಅಳತೆ ೨೭೦ ಮತ್ತು ೧೮೭ ಹಸ್ತಗಳೆಂದಿದ್ದು, ಅಲ್ಲಿ ಸೊನ್ನೆ ಸಣ್ಣ ವೃತ್ತವಾಗಿದೆ. ಬಖ್ಶಾಲಿ ಹಸ್ತಪ್ರತಿಯ ಬಿಂದುವನ್ನು ಇವೆರಡಕ್ಕಿಂತ ಹಿಂದಕ್ಕೆ ಒಯ್ಯುವ ಪ್ರಯತ್ನ ನಡೆದಿದೆ. ೨೦೧೭ರಲ್ಲಿ ಪ್ರಕಟವಾದ ಇಂಗಾಲ ಪರೀಕ್ಷೆಯು ಅದರ ಎಲೆಗಳಿಗೆ ಬೇರೆ ಬೇರೆ ಶತಮಾನಗಳನ್ನು ನೀಡಿರುವುದರಿಂದ ಇಲ್ಲಿ ಆತುರ ಸಲ್ಲದು.

ಶೂನ್ಯವು ಸಂಖ್ಯೆಯ ಪದವಿಗೇರಿದ್ದು ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ (ಕ್ರಿ.ಶ. ೬೨೮). ಸಮಾನವಾದ ಧನ ಮತ್ತು ಋಣಗಳ ಮೊತ್ತ ಶೂನ್ಯವೆಂದು ಹೇಳಿ, ಅದರೊಡನೆ ನಡೆಯುವ ಕ್ರಿಯೆಗಳನ್ನು ಅವನು ಸೂತ್ರೀಕರಿಸಿದನು. ಭಾಗಾಕಾರ ಮಾತ್ರ ಅವನಿಗೂ ಸುಲಭವಾಗಿ ಒಲಿಯಲಿಲ್ಲ. ಶೂನ್ಯದಿಂದ ಭಾಗಿಸಿದ ರಾಶಿಯನ್ನು ಶೂನ್ಯಚ್ಛೇದದೊಡನೆ ಹಾಗೆಯೇ ಉಳಿಸಿ, ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೆಂದನು.

ಕನ್ನಡನಾಡಿನ ಗಣಿತಪರಂಪರೆ ಈ ಚರ್ಚೆಗೆ ಸೇರುವುದು ಇಲ್ಲಿಯೇ. ರಾಷ್ಟ್ರಕೂಟ ಅಮೋಘವರ್ಷನನ್ನು (ಕ್ರಿ.ಶ. ೮೧೪–೮೭೮) ಗ್ರಂಥಾರಂಭದಲ್ಲಿ ಸ್ತುತಿಸಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ, ಶೂನ್ಯದಿಂದ ಭಾಗಿಸಿದ ರಾಶಿ ಬದಲಾಗದೆ ಉಳಿಯುತ್ತದೆ ಎಂದಿದ್ದಾನೆ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಈ ನಿಯಮ ಹೊರಗಿನ ವಿದ್ವಾಂಸರ ಗಮನಕ್ಕೂ ಬಂದಿತು. ನಿಯಮ ತಪ್ಪು, ನಾಡಿನ ಅಭಿಮಾನಕ್ಕಾಗಿ ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಅದರ ಹಿಂದಿನ ತರ್ಕ ಉಪೇಕ್ಷಣೀಯವಲ್ಲ. ಭಾಗಾಕಾರವನ್ನು ಮರುಮರಳಿ ಕಳೆಯುವ ಕ್ರಿಯೆಯೆಂದು ಗ್ರಹಿಸಿದರೆ, ಶೂನ್ಯವನ್ನು ಎಷ್ಟು ಸಲ ಕಳೆದರೂ ರಾಶಿ ಇದ್ದಂತೆಯೇ ಇರುತ್ತದೆ. ಶೂನ್ಯವನ್ನು ಕೂಡುವ ಮತ್ತು ಕಳೆಯುವ ನಿಯಮಗಳ ಜೊತೆಗೇ ಆಚಾರ್ಯನು ಇದನ್ನೂ ಹೇಳಿರುವುದು ಈ ಊಹೆಗೆ ಇಂಬು ಕೊಡುತ್ತದೆ. ಋಣರಾಶಿಗೆ ವರ್ಗಮೂಲವಿಲ್ಲವೆಂದು ಅದೇ ಗ್ರಂಥದಲ್ಲಿ ಎಚ್ಚರದಿಂದ ನುಡಿದವನು ಅವನೇ ಎಂಬುದನ್ನೂ ನೆನೆಯಬೇಕು.

ಎರಡನೆಯ ಭಾಸ್ಕರನು ಕ್ರಿ.ಶ. ೧೧೫೦ರಲ್ಲಿ ಮಹಾವೀರನ ದಾರಿ ಹಿಡಿಯದೆ ಬ್ರಹ್ಮಗುಪ್ತನ ಕಡೆಗೆ ಹೊರಳಿದನು. ಶೂನ್ಯಚ್ಛೇದದ ರಾಶಿಯನ್ನು ಖಹರವೆಂದು ಕರೆದು, ಏನನ್ನು ಕೂಡಿದರೂ ಕಳೆದರೂ ವಿಕಾರಗೊಳ್ಳದ ಅನಂತವೆಂದು ವರ್ಣಿಸಿದನು. ಆದರೆ ಶೂನ್ಯದಿಂದ ಗುಣಿಸಿ ಮತ್ತೆ ಶೂನ್ಯದಿಂದಲೇ ಭಾಗಿಸಿದರೆ ಮೂಲರಾಶಿ ಮರಳುತ್ತದೆಂದು ಲೀಲಾವತಿಯಲ್ಲಿ ಅವನು ಹೇಳಿದ್ದನ್ನು ಇಂದಿನ ಅಂಕಗಣಿತ ಒಪ್ಪುವುದಿಲ್ಲ. ಶೂನ್ಯದಿಂದ ಭಾಗಿಸುವುದನ್ನೇ ಅದು ಅರ್ಥರಹಿತವೆಂದು ಹೊರಗಿಟ್ಟಿದೆ.