ಗಲನಸ್

ವೆಲ್ಷ್ ಭಾಷೆಯಲ್ಲಿ ಇಂದು ‘ಗಲನಸ್’ ಎಂದರೆ ಕಗ್ಗೊಲೆ, ರಕ್ತಪಾತ. ಆದರೆ ಮಧ್ಯಯುಗದ ವೇಲ್ಸಿನ ನ್ಯಾಯವಿದರ ಬಾಯಲ್ಲಿ ಇದೇ ಶಬ್ದವು ಕೊಲೆಯಿಂದ ಎರಡು ಕುಲಗಳ ನಡುವೆ ಹುಟ್ಟುವ ಹಗೆಯನ್ನೂ, ಆ ಹಗೆಯ ಶಮನಾರ್ಥವಾಗಿ ತೆರಬೇಕಾದ ದ್ರವ್ಯವನ್ನೂ ಏಕಕಾಲದಲ್ಲಿ ಸೂಚಿಸುತ್ತಿದ್ದಿತು. ಶತ್ರುವಿಗೆ ಅಲ್ಲಿರುವ ‘ಗೆಲಿನ್’ ಎಂಬ ಹೆಸರೂ ಇದೇ ಧಾತುವಿನದು. ವ್ಯಾಧಿಗೂ ಔಷಧಕ್ಕೂ ಒಂದೇ ಹೆಸರಿಟ್ಟ ಆ ಜನರು ಪದದಾರಿದ್ರ್ಯದಿಂದ ಹಾಗೆ ಮಾಡಿದರೆಂದು ನನಗೆ ತೋರುವುದಿಲ್ಲ. ಹಗೆಯನ್ನು ಅವರು ತೀರಿಸಬಹುದಾದ ಋಣವೆಂದೇ ಬಗೆದಿದ್ದರು.

ಸುಮಾರು 950ರಲ್ಲಿ ಕಾಲವಾದ ಹವೆಲ್ ದೊರೆಯ ಹೆಸರಿನಲ್ಲಿ ಪ್ರಸಿದ್ಧವಾಗಿ, 13ನೆಯ ಶತಮಾನದಿಂದೀಚಿನ ಹಸ್ತಪ್ರತಿಗಳಲ್ಲಿ ನಮಗೆ ಉಳಿದುಬಂದಿರುವ ಶಾಸನಗ್ರಂಥಗಳು ಈ ಋಣದ ಲೆಕ್ಕವನ್ನು ಕೂಲಂಕಷವಾಗಿ ಬರೆದಿಟ್ಟಿವೆ. ಹುಟ್ಟಿನಿಂದ ಸ್ವತಂತ್ರನಾದವನ ಗಲನಸ್ 63 ಹಸುಗಳು. ಅದರಲ್ಲಿ ಮೂರನೆಯ ಒಂದು ಪಾಲು ಕೊಂದವನದೂ ಅವನ ತಂದೆತಾಯಿ ಒಡಹುಟ್ಟಿದವರದೂ. ಮಿಕ್ಕದ್ದು ದೂರದ ದಾಯಾದಿಗಳ ಮೇಲೆ, ತಂದೆಯ ಕಡೆಯವರಿಗೆ ಎರಡು ಪಾಲು, ತಾಯಿಯ ಕಡೆಯವರಿಗೆ ಒಂದು.

ಇಷ್ಟಾದರೂ ಮೊತ್ತ ಪೂರೈಸದಿದ್ದರೆ ಬರುವುದು ‘ಭಲ್ಲೆಯ ಕಾಸು’. ಕೊಂದವನು ಪವಿತ್ರಾವಶೇಷವನ್ನು ಹಿಡಿದ ಪ್ರಭುವಿನ ಸೇವಕನೊಡನೆ ಊರೂರು ತಿರುಗಿ, ಏಳನೆಯ ತಲೆಯಾಚೆಯ ಬಂಧುವೆಂದು ಸಂದೇಹವಿರುವವನು ಎಲ್ಲಿ ಎದುರಾದರೂ ಅವನನ್ನು ತಡೆದು, ಕೊಂದವನ ನಾಲ್ಕು ಮೂಲವಂಶಗಳಲ್ಲಿ ಯಾವುದಕ್ಕೂ ಸೇರಿದವನಲ್ಲವೆಂದು ಆ ಅವಶೇಷದ ಮೇಲೆ ಆಣೆಯಿಡುವಂತೆ ಕೇಳಬಹುದಾಗಿತ್ತು. ಆಣೆಯಿಡದವನು ಕಾಸು ತೆರಬೇಕು. ನೆಂಟಸ್ತಿಕೆಯ ಎಲ್ಲೆ ಎಲ್ಲಿಯವರೆಗೆಂಬುದು ಹೀಗೆ ನಡುಬೀದಿಯಲ್ಲಿ ನಿಶ್ಚಯವಾಗುತ್ತಿದ್ದಿತು! ಹೆಂಗಸರಿಗೆ ಇದರಿಂದ ವಿನಾಯಿತಿ: ಅವರ ಕೈಯಲ್ಲಿರುವುದು ಭಲ್ಲೆಯಲ್ಲ, ನೂಲುವ ಕದಿರುಕೋಲು ಎಂಬುದು ಶಾಸ್ತ್ರಕಾರರು ಕೊಡುವ ಕಾರಣ. ತಮಾಷೆಯಂತೆ ಕೇಳಿಸುವ ಈ ಮಾತಿನಲ್ಲಿ ಕಟ್ಟುನಿಟ್ಟಾದ ತರ್ಕವಿದೆ; ಸೇಡು ತೀರಿಸಲು ಹೊರಡಬಲ್ಲವನೇ ಸೇಡಿನ ಬೆಲೆಯನ್ನೂ ಹೊರತಕ್ಕವನು.

ಪ್ರಭುವೇನೂ ನಿಷ್ಕಾಮಿಯಲ್ಲ; ವಸೂಲಿ ಮಾಡಿಸಿಕೊಟ್ಟದ್ದಕ್ಕೆಂದು ಮೂರನೆಯ ಒಂದು ಪಾಲನ್ನು ಅವನೇ ಇಟ್ಟುಕೊಳ್ಳುತ್ತಿದ್ದನು. ಆದರೂ ಉಳಿದದ್ದು ಸತ್ತವನ ಮನೆಯವರಿಗೆ ಸೇರುತ್ತಿದ್ದಿತು. 1284ರಲ್ಲಿ ಒಂದನೆಯ ಎಡ್ವರ್ಡನು ರುಡ್ಲನ್ ಶಾಸನದ ಮೂಲಕ ಇಂಗ್ಲೆಂಡಿನ ದಂಡನೀತಿಯನ್ನು ತಾನು ಗೆದ್ದ ವೇಲ್ಸಿನ ಮೇಲೆ ಹೊರಿಸಿದ ಮೇಲೆ ಕೊಲೆಯು ರಾಜದ್ರವ್ಯದ ವಿಷಯವಾಯಿತು: ಕೊಂದವನಿಗೆ ಗಲ್ಲು, ಅವನ ಸೊತ್ತು ಅರಸನಿಗೆ, ಸತ್ತವನ ಕುಲಕ್ಕೆ ಏನೂ ಇಲ್ಲ. ಗಡಿನಾಡಿನ ಕೆಲವು ಪಾಳೆಯಗಳಲ್ಲಿ ಹಳೆಯ ಪದ್ಧತಿ ಇನ್ನೂ ಕೆಲಕಾಲ ನಡೆಯಿತು. ಆಮೇಲೆ ಹಸುಗಳ ಲೆಕ್ಕವೂ ದಾಯಾದಿಗಳ ಪಾಲುಪಟ್ಟಿಯೂ ಕಳಚಿಹೋಗಿ, ಶಬ್ದದಲ್ಲಿ ನೆತ್ತರಷ್ಟೇ ಉಳಿಯಿತು.