ದಸರಾ ಅಹವಾಲಿನಿಂದ ಎಲ್‌ಎಕ್ಯೂವರೆಗೆ

ಅಧಿವೇಶನದ ತಾರೀಕು ಪೇಪರಿನಲ್ಲಿ ಬಂತೆಂದರೆ ಪುರಸಭೆ ಕಚೇರಿಯಲ್ಲಿ ಎರಡು ಬಗೆಯ ಕಾಗದ ಓಡಾಡುವುದಕ್ಕೆ ಶುರು. ಒಂದು, ಊರಿಗೆ ಏನೇನು ಬೇಕೆಂದು ಕೌನ್ಸಿಲ್ ಠರಾವು ಮಾಡಿ ಶಾಸಕರ ಕೈಗೆ ಕೊಡುವ ಪಟ್ಟಿ. ಇನ್ನೊಂದು, ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ 'ಎಲ್‌ಎಕ್ಯೂ, ಅತಿ ತುರ್ತು' ಎಂದು ಬರೆಸಿಕೊಂಡು ಮೇಲಿನಿಂದ ಇಳಿಯುವ ಕಾಗದ. ಎಲ್‌ಎಕ್ಯೂ ಎಂದರೆ ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್: ಸದನದಲ್ಲಿ ಯಾರೋ ಸದಸ್ಯರು ಕೇಳಿದ ಪ್ರಶ್ನೆಗೆ ಸಾಯಂಕಾಲದೊಳಗೆ ಮಾಹಿತಿ ಕೊಡಬೇಕು, ತಪ್ಪಿದರೆ ನೋಟಿಸು. ತುಮಕೂರು ಜಿಲ್ಲೆಯ ಒಂದು ಪುರಸಭೆಗೆ ಗುಮಾಸ್ತನಾಗಿ ಸೇರಿ ವ್ಯವಸ್ಥಾಪಕನಾಗಿ ನಿವೃತ್ತನಾದ ನಾನು ಎರಡನ್ನೂ ಬರೆದವನು. ಊರಿನ ಬೇಡಿಕೆಯನ್ನು ಬರೆದದ್ದೂ ಆ ಮೇಜಿನ ಮೇಲೆ, ಬೇಡಿಕೆಗೆ ಸರ್ಕಾರ ಕೊಡುವ ಉತ್ತರದ ಕರಡು ಬರೆದದ್ದೂ ಅದೇ ಮೇಜಿನ ಮೇಲೆ.

ಊರಿನ ಮಾತನ್ನು ರಾಜ್ಯದ ಸಭೆಗೆ ಮುಟ್ಟಿಸುವ ಈ ಪದ್ಧತಿ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಶುರುವಾದದ್ದು ದಸರಾ ನೆಪದಲ್ಲಿ. 1881ರ ಮಾರ್ಚಿಯಲ್ಲಿ ಇಂಗ್ಲಿಷರು ರಾಜ್ಯವನ್ನು ಹತ್ತನೇ ಚಾಮರಾಜ ಒಡೆಯರಿಗೆ ಹಿಂತಿರುಗಿಸಿದರು. ಆಗ ರಾಜ್ಯದ ಸ್ಥಿತಿ ಹೇಗಿತ್ತೆಂದರೆ, ಧಾತು-ಈಶ್ವರ ಸಂವತ್ಸರಗಳ ಬರ ಮುಗಿದು ಮೂರು ವರ್ಷವಾಗಿತ್ತಷ್ಟೆ. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ದಿವಾನ್ ರಂಗಾಚಾರ್ಲು ಆ ಆಗಸ್ಟಿನಲ್ಲಿ ಒಂದು ಆಜ್ಞೆ ಹೊರಡಿಸಿದರು: ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯುಳ್ಳ ಒಬ್ಬಿಬ್ಬರು ಸಾಗುವಳಿದಾರರು, ಜಿಲ್ಲೆಗೆ ಒಟ್ಟು ಮೂರು-ನಾಲ್ಕು ಮಂದಿ ವರ್ತಕರು ಮೈಸೂರಿಗೆ ಬರಬೇಕು, ಕಳೆದ ವರ್ಷ ಸರ್ಕಾರ ಏನು ಮಾಡಿತೆಂದು ದಿವಾನರು ಹೇಳುತ್ತಾರೆ, ಏನು ಮಾಡಬೇಕೆಂದು ಅವರು ಹೇಳಲಿ. ದಸರಾ ಮುಗಿದ ಮೇಲೆ, 1881ರ ಅಕ್ಟೋಬರ್ 7ರಂದು, ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಸದಸ್ಯರು 144 ಮಂದಿ.

ಈ 144 ಜನ ಹೇಗೆ ಬಂದರೋ ಎಂದು ಯೋಚಿಸುತ್ತೇನೆ. ಮೈಸೂರಿಗೆ ರೈಲು ಪೂರ್ತಿ ಮುಟ್ಟಿದ್ದು 1882ರಲ್ಲಿ, ನಮ್ಮ ತುಮಕೂರಿಗೆ 1884ರಲ್ಲಿ. ಪಾವಗಡ, ಶಿರಾ ಕಡೆಯ ರೈತ ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೊರಟಿರಬೇಕು. ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಒಡೆದ ಕೆರೆ ಏರಿಗಳು. ಸಭೆಯಲ್ಲಿ ಬಂದ ಅಹವಾಲುಗಳಲ್ಲಿ ಕೆರೆ ರಿಪೇರಿ, ರಸ್ತೆ, ಶಾಲೆ, ಕಾಡಿನ ನಿರ್ಬಂಧ ಇವೇ ಮತ್ತೆ ಮತ್ತೆ ಕೇಳಿಬಂದವು ಎಂದರೆ ಆಶ್ಚರ್ಯವೇನಿದೆ?

ಆ ಸಭೆಗೆ ಅಧಿಕಾರವೇನೂ ಇರಲಿಲ್ಲ. ಓಟಿಲ್ಲ, ಬಜೆಟ್ಟಿನ ಮೇಲೆ ಹಿಡಿತವಿಲ್ಲ, ದಿವಾನರು 'ಆಗುವುದಿಲ್ಲ' ಎಂದರೆ ಅಲ್ಲಿಗೆ ಮುಗಿಯಿತು. ವರ್ಷಕ್ಕೊಂದು ಸಲ ಸೇರಿ ಮೊರೆಯಿಟ್ಟು ಹೋಗುವ ಸಭೆ ಎಂದು ಮೂಗು ಮುರಿದವರೂ ಇದ್ದರು. ನನಗೆ ಮಾತ್ರ ಅದರಲ್ಲಿ ಒಂದು ಗುಣ ಕಾಣುತ್ತದೆ. ತಾಲ್ಲೂಕಿನಲ್ಲಿ ಅಮಲ್ದಾರರೆಂದರೆ ಆಗ ಸಾಕ್ಷಾತ್ ಸರ್ಕಾರ. ಸಣ್ಣ ಊರುಗಳ ಪುರಸಭೆಗೆ ಬಹುಕಾಲ ಅವರೇ ಪ್ರೆಸಿಡೆಂಟರು. ಊರಿನ ಕೊರತೆ ಏನಿದ್ದರೂ ಅವರ ಕಲಮಿನಿಂದಲೇ ಮೇಲೆ ಹೋಗಬೇಕು. ಅವರ ಮೇಲೆಯೇ ದೂರಿದ್ದರೆ ಅದು ಹೋಗುವ ದಾರಿ ಯಾವುದು? ಪ್ರಜಾಪ್ರತಿನಿಧಿ ಸಭೆಯಲ್ಲಿ ಊರಿನವನೊಬ್ಬ ಅಮಲ್ದಾರರನ್ನು ದಾಟಿ, ಡೆಪ್ಯುಟಿ ಕಮಿಷನರನ್ನೂ ದಾಟಿ, ನೇರ ದಿವಾನರ ಮುಂದೆ ಎದ್ದು ನಿಲ್ಲಬಹುದಾಗಿತ್ತು. ಕೇಳಿದ್ದಕ್ಕೆ ಅಲ್ಲೇ ಬಾಯಿಮಾತಿನ ಉತ್ತರ. ಆಮೇಲೆ ಕೇಳಿದ್ದೂ ಉತ್ತರವೂ ನಡಾವಳಿಯಲ್ಲಿ ಅಚ್ಚಾಗುತ್ತಿದ್ದವು.

ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಅವರ ನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ನೇಮಕದ ಬದಲು ಚುನಾವಣೆ ಬಂತು. ಓಟು ಆಸ್ತಿವಂತರಿಗೆ ಮಾತ್ರ, ಅದು ಬೇರೆ ಮಾತು. ಪುರಸಭೆಗಳಿಗೂ ಪ್ರತಿನಿಧಿ ಕಳಿಸುವ ಅವಕಾಶ ದೊರೆಯಿತು. 1907ರಲ್ಲಿ ಕಾನೂನು ಮಾಡುವುದಕ್ಕೆಂದೇ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಕಾಯಿದೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ಸಿಕ್ಕಿತು. ಹೊಸ ತೆರಿಗೆ ಹಾಕುವ ಮುಂಚೆ, ಮಸೂದೆ ತರುವ ಮುಂಚೆ ಅದರ ಅಭಿಪ್ರಾಯ ಕೇಳಬೇಕೆಂದಾಯಿತು. ದಸರಾ ಅಧಿವೇಶನದ ಜೊತೆಗೆ ಜೂನಿನಲ್ಲಿ ಬಜೆಟ್ ಅಧಿವೇಶನವೂ ನಡೆಯುತ್ತಿತ್ತು.

ನಮ್ಮ ಪುರಸಭೆಯ ರೆಕಾರ್ಡ್ ರೂಮಿನಲ್ಲಿ ಆ ಕಾಲದ ಒಂದು ನಡಾವಳಿ ಪುಸ್ತಕ ಉಳಿದುಕೊಂಡಿತ್ತು. ಗೆದ್ದಲು ತಿಂದು ಬಲಗಡೆಯ ಅಂಚೇ ಇರಲಿಲ್ಲ, ಆದ್ದರಿಂದ ಪ್ರತಿ ಸಾಲಿನ ಕೊನೆಯ ಪದವನ್ನು ಊಹಿಸಿಕೊಂಡು ಓದಬೇಕು. ಸೊಗಸಾದ ಮೋಡಿ ಅಕ್ಷರ. ದಸರಾ ಅಧಿವೇಶನಕ್ಕೆ ಮಂಡಿಸತಕ್ಕ ವಿಷಯಗಳು ಎಂಬ ತಲೆಬರಹದ ಕೆಳಗೆ ಹೀಗಿತ್ತು: ಕೋಟೆ ಬೀದಿಯ ಸಿಹಿನೀರು ಬಾವಿಗೆ ಕಲ್ಲುಕಟ್ಟಡ, ಸಂತೆ ಮೈದಾನಕ್ಕೆ ಸೇರಿದ ಜಮೀನು ಪುರಸಭೆ ಹೆಸರಿಗೆ, ಆಸ್ಪತ್ರೆಗೆ ಒಬ್ಬ ಮಿಡ್‌ವೈಫು, ಎ.ವಿ. ಸ್ಕೂಲನ್ನು ಹೈಸ್ಕೂಲು ಮಾಡುವುದು. ಬೀದಿ ದೀಪದ ಸೀಮೆಎಣ್ಣೆಗೆ ಹೆಚ್ಚಿನ ಗ್ರಾಂಟು. ಐದೇ ಐದು ವಿಷಯ. ಬೇರೆ ಶಾಯಿಯಲ್ಲಿ, ಪ್ರಾಯಶಃ ಮುಂದಿನ ವರ್ಷ, ಬಾವಿಯ ಪಕ್ಕದಲ್ಲಿ ಯಾರೋ 'ಆಯಿತು' ಎಂದು ಬರೆದಿದ್ದರು. ಉಳಿದ ನಾಲ್ಕರ ಪಕ್ಕ ಏನೂ ಇಲ್ಲ.

ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಬೇಕು. ಆ ಊರಿನ ಪಾಯಖಾನೆಗಳನ್ನು ಬೆಳಗಿನ ಜಾವ ಬಳಿದು ತಲೆಯ ಮೇಲೆ ಹೊತ್ತು ಸಾಗಿಸುತ್ತಿದ್ದ ಜನ ಪುರಸಭೆಯ ಸಂಬಳದ ಮೇಲೇ ಇದ್ದರು. ಬೇಡಿಕೆ ಪಟ್ಟಿಯಲ್ಲಿ ಅವರ ಸುಳಿವು ಒಂದು ಸಲವೂ ಇಲ್ಲ. ದಂಡ ಹಾಕಿದ ಪುಟಗಳಲ್ಲಿ ಮಾತ್ರ ಅವರ ಹೆಸರುಗಳಿವೆ: ಗೈರುಹಾಜರಿಗೆ ನಾಲ್ಕಾಣೆ. ಮಲ ಹೊರುವ ಪದ್ಧತಿಗೆ ನಿಷೇಧ ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರಿಂದ. ನಮ್ಮ ಊರು ಅದನ್ನು ಕೇಳಿರಲಿಲ್ಲ. ಊರಿನ ಪಟ್ಟಿ ಎಂದರೆ ಪಟ್ಟಿ ಬರೆಯುವಾಗ ಕುರ್ಚಿಯ ಮೇಲೆ ಕೂತವರ ಪಟ್ಟಿ.

ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಕೊನೆಯಾಯಿತು. ಆಮೇಲೆ ವಯಸ್ಕ ಮತದಾನ, ವಿಧಾನಸಭೆ, ಕೆಂಗಲ್ ಹನುಮಂತಯ್ಯನವರ ವಿಧಾನಸೌಧ. ಏಕೀಕರಣವಾದಾಗ ಮುಂಬಯಿ ಭಾಗದ ಪುರಸಭೆಗಳಿಗೆ ಒಂದು ಕಾನೂನು, ಹೈದರಾಬಾದ್ ಭಾಗಕ್ಕೆ ಒಂದು, ಮದ್ರಾಸಿನಿಂದ ಬಂದದ್ದಕ್ಕೆ ಒಂದು, ನಮಗೊಂದು. ಎಲ್ಲವನ್ನೂ ಸೇರಿಸಿ ಮಾಡಿದ್ದು 1964ರ ಪುರಸಭೆಗಳ ಅಧಿನಿಯಮ. ಅದರ ಪ್ರಕಾರ ಕ್ಷೇತ್ರದ ಶಾಸಕರು, ಲೋಕಸಭಾ ಸದಸ್ಯರು ಕೌನ್ಸಿಲಿನಲ್ಲಿ ಓಟಿರುವ ಸದಸ್ಯರು. ಕಾಗದದ ಮೇಲೆ ಇದು ಬಹಳ ಒಳ್ಳೆಯ ಏರ್ಪಾಡು: ಊರಿನ ಪಟ್ಟಿ ತಯಾರಾಗುವಾಗ ಅದನ್ನು ಸದನಕ್ಕೆ ಒಯ್ಯುವವರು ಅಲ್ಲೇ ಕೂತಿರುತ್ತಾರೆ. ಶಾಸಕರು ಕೌನ್ಸಿಲಿಗೆ ತಪ್ಪದೆ ಬರುವುದು ಅಧ್ಯಕ್ಷರ ಚುನಾವಣೆಯ ದಿನ. ಉಳಿದ ಸಭೆಗಳ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಎದುರಿನ ಜಾಗ ಖಾಲಿ.

ಪುರಸಭೆ ಕೈಯೊಡ್ಡುವ ಹಾಗಾದದ್ದಕ್ಕೂ ಒಂದು ಕಥೆಯಿದೆ. ನಾನು ನೌಕರಿಗೆ ಸೇರಿದಾಗ ಆಕ್ಟ್ರಾಯ್ ನಾಕಾಗಳನ್ನು ಮುಚ್ಚಿದ್ದು ಹೊಸತು. ಊರೊಳಗೆ ಬರುವ ಬೆಲ್ಲ, ಕೊಬ್ಬರಿ, ಸೀಮೆಎಣ್ಣೆ, ಬಟ್ಟೆ ಗಂಟಿನ ಮೇಲೆ ಪುರಸಭೆ ವಸೂಲು ಮಾಡುತ್ತಿದ್ದ ಸುಂಕವನ್ನು ಸರ್ಕಾರ 1979ರಲ್ಲಿ ರದ್ದು ಮಾಡಿತು. ನಾಕಾ ಎಂದರೆ ಲಂಚದ ಗೂಡೂ ಆಗಿತ್ತು, ಲಾರಿಯವರಿಗೆ ಕಾಟವೂ ಆಗಿತ್ತು, ನಿಜ. ಆದರೆ ದಿನಾ ಸಾಯಂಕಾಲ ಕೈಗೆ ಬರುತ್ತಿದ್ದ ಸ್ವಂತ ದುಡ್ಡು ಅದು. ಅದರ ಬದಲಿಗೆ ಬೆಂಗಳೂರಿನಿಂದ ಪರಿಹಾರದ ಅನುದಾನ ಬರುತ್ತದೆ ಎಂದರು. ಬಂತು ಕೂಡ, ಅವರು ಹೇಳಿದಷ್ಟು, ಅವರು ಹೇಳಿದಾಗ. ಅಷ್ಟುಹೊತ್ತಿಗೆ ನೀರು ಸರಬರಾಜಿನ ದೊಡ್ಡ ಕೆಲಸಗಳು 1975ರಲ್ಲಿ ಹುಟ್ಟಿದ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ಹೋಗಿದ್ದವು. ಊರಿನ ಎರಡು ಮುಖ್ಯ ಸಂಗತಿ, ನೀರು ಮತ್ತು ದುಡ್ಡು, ಎರಡಕ್ಕೂ ಊರಿನಾಚೆ ನೋಡಬೇಕಾಯಿತು. 1993ರಲ್ಲಿ 74ನೇ ತಿದ್ದುಪಡಿ ಜಾರಿಗೆ ಬಂದು ಹನ್ನೆರಡನೇ ಅನುಸೂಚಿಯಲ್ಲಿ ಪುರಸಭೆಗಳಿಗೆ 18 ವಿಷಯಗಳನ್ನು ಪಟ್ಟಿ ಮಾಡಿತು. ನೌಕರರ ನೇಮಕ, ವರ್ಗಾವಣೆ, ಹಣದ ಹರಿವು ಎಲ್ಲ ಇದ್ದಲ್ಲೇ ಇದ್ದವು.

ಪಟ್ಟಿ ಮಾಡುವ ಸಭೆಯಲ್ಲಿ ಮೊದಲ ಅರ್ಧ ಗಂಟೆ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಸಿಸಿ ರಸ್ತೆ, ಚರಂಡಿ ಹೇಳುತ್ತಾರೆ. "ಸಾಹೇಬ್ರೆ, ಅದು ಪುರಸಭೆ ಕ್ರಿಯಾ ಯೋಜನೇಲಿ ಬರುತ್ತೆ, ಅಸೆಂಬ್ಲಿಗೆ ಯಾಕೆ?" ಎಂದು ಅಧ್ಯಕ್ಷರು ಹೇಳಿದರೆ "ಕ್ರಿಯಾ ಯೋಜನೇಲಿ ಹಾಕಿ ಎಷ್ಟು ವರ್ಷ ಆಯ್ತು ಸ್ವಾಮಿ?" ಎಂದು ತಿರುಗೇಟು. ಎಲ್ಲರೂ ಸುಸ್ತಾಗಿ ಕಾಫಿ ಬಂದ ಮೇಲೆ ನಾಲ್ಕು ವಿಷಯ ಉಳಿಯುತ್ತವೆ: ಹೇಮಾವತಿ ನೀರು, ಒಳಚರಂಡಿ, ಬಸ್ ಸ್ಟ್ಯಾಂಡು, ಖಾಲಿ ಹುದ್ದೆ. ಸೂಚಕರು ಒಬ್ಬರು, ಅನುಮೋದಕರು ಒಬ್ಬರು, ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಗೊರೂರಿನ ಹೇಮಾವತಿ ಅಣೆಕಟ್ಟು ಕಟ್ಟಿದಂದಿನಿಂದ ನಮ್ಮ ಕಡೆಯ ಪಟ್ಟಿಗಳಲ್ಲಿ ಮೊದಲನೇ ಸಾಲು ಬದಲಾಗಿಲ್ಲ. ನಾನಂತೂ ಹೋದ ವರ್ಷದ ಠರಾವು ತೆಗೆದು ತಾರೀಕು ತಿದ್ದುತ್ತಿದ್ದೆ.

ನನಗೆ ಬೇಸರವಾಗುತ್ತಿದ್ದದ್ದು ಬೇರೆ ಕಾರಣಕ್ಕೆ. ಶಾಸನ ಮಾಡುವ ಸಭೆಗೆ ನಾವು ಕಳಿಸುವುದೆಲ್ಲ ದುಡ್ಡಿನ ಬೇಡಿಕೆ. ಕಾನೂನು ಕೇಳಿದ್ದು ಅಪರೂಪ. ರೆವಿನ್ಯೂ ಸೈಟುಗಳನ್ನೇ ತೆಗೆದುಕೊಳ್ಳಿ. ಭೂ ಪರಿವರ್ತನೆಯಾಗದ ಹೊಲದಲ್ಲಿ ಬಡಾವಣೆ ಎದ್ದಿತ್ತು, ಜನ ಮನೆ ಕಟ್ಟಿದ್ದರು, ನೀರು ದೀಪ ಪುರಸಭೆಯದೇ, ಆದರೆ ಖಾತೆ ಇರಲಿಲ್ಲ. ಅಕ್ರಮ-ಸಕ್ರಮದ ನಿಯಮಗಳು ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ 2017ರಲ್ಲಿ ನಿಂತವು. ಊರಿನ ಅರ್ಧ ಜಗಳ ಈ ಖಾತೆಯದಾಗಿತ್ತು, ಅದು ಬಗೆಹರಿಯಬೇಕಾದದ್ದು ಸದನದಲ್ಲೇ. ಆದರೂ ಯಾವ ವಾರ್ಡಿನವರೂ ಇಂಥ ಕಾನೂನು ತನ್ನಿ ಎಂದು ಠರಾವಿನಲ್ಲಿ ಬರೆಸಲಿಲ್ಲ. ಅಧಿಕಾರವಿಲ್ಲದ ಹಳೇ ಪ್ರಜಾಪ್ರತಿನಿಧಿ ಸಭೆಯಲ್ಲಿ ಬಾಲ್ಯವಿವಾಹದಂಥ ವಿಷಯ ಚರ್ಚೆಗೆ ಬಂದು, ಪರ-ವಿರೋಧ ಎರಡೂ ಕೇಳಿ, 1894ರಲ್ಲಿ ಕಾನೂನೇ ಆಯಿತು. ಎಂಟು ವರ್ಷದೊಳಗಿನ ಹುಡುಗಿಯ ಮದುವೆ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನವಳನ್ನು ಕಟ್ಟಿಕೊಳ್ಳುವುದು ನಿಷಿದ್ಧವಾಯಿತು.

ಇನ್ನು ಎಲ್‌ಎಕ್ಯೂ. ಪಟ್ಟಿಯಿಂದ ಒಂದು ವಿಷಯ ಎತ್ತಿಕೊಂಡು ಶಾಸಕರು ಪ್ರಶ್ನೆ ಹಾಕುತ್ತಾರೆ ಎನ್ನಿ. ಪ್ರಶ್ನೆ ವಿಧಾನಸಭೆ ಸಚಿವಾಲಯದಿಂದ ನಗರಾಭಿವೃದ್ಧಿ ಇಲಾಖೆಗೆ, ಅಲ್ಲಿಂದ ಪೌರಾಡಳಿತ ನಿರ್ದೇಶನಾಲಯಕ್ಕೆ, ಅಲ್ಲಿಂದ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ, ಅಲ್ಲಿಂದ ಮುಖ್ಯಾಧಿಕಾರಿಗಳಿಗೆ, ಅವರಿಂದ ನನ್ನ ಮೇಜಿಗೆ. ಮೊದಲು ಟಪಾಲಿನಲ್ಲಿ, ಆಮೇಲೆ ಫ್ಯಾಕ್ಸಿನಲ್ಲಿ, ಕೊನೆಕೊನೆಗೆ ವಾಟ್ಸಾಪಿನಲ್ಲಿ. ಅಧಿವೇಶನ ಬೆಂಗಳೂರಿನಲ್ಲಿದ್ದರೇನು, ಬೆಳಗಾವಿಯಲ್ಲಿದ್ದರೇನು, ದಾರಿ ಅದೇ. ಅನುಬಂಧದ ಕಾಲಮ್ಮುಗಳನ್ನು ತುಂಬಬೇಕು: (ಅ) ಸದರಿ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಪರಿಶೀಲನೆಯಲ್ಲಿದೆ. ನಾನು ಬರೆದ ಸಾಲು ಅದೇ ಏಣಿಯಲ್ಲಿ ಮೇಲೆ ಹತ್ತಿ ಮಾನ್ಯ ಸಚಿವರ ಉತ್ತರವಾಗುತ್ತದೆ. ರಂಗಾಚಾರ್ಲು ಕಾಲದ ರೈತ ದಾಟಿಕೊಂಡು ಹೋದ ಕಚೇರಿ ಇದೆಯಲ್ಲ, ಈಗ ಪ್ರಶ್ನೆ ಉತ್ತರ ಎರಡೂ ಅದರೊಳಗಿಂದಲೇ ಹಾಯಬೇಕು.

ಮಹಿಳಾ ಮೀಸಲು ವಾರ್ಡಿನಿಂದ ಗೆದ್ದು ಬಂದ ಸದಸ್ಯೆಯೊಬ್ಬರು ಒಂದು ವರ್ಷ ಪಟ್ಟಿಯ ಸಭೆಯಲ್ಲಿ, ಬೀಡಿ ಕಟ್ಟುವ ಕೈ ಮೇಜಿನ ಮೇಲಿಟ್ಟು, "ಹೋದ್ ವರ್ಷ ಕಳ್ಸಿದ್ದಕ್ಕೆ ಏನ್ ಉತ್ರ ಬಂತು? ಮೊದ್ಲು ಅದನ್ನ ಓದಿ ರಾಯ್ರೆ" ಎಂದರು. ಸದನದಲ್ಲಿ ಕೊಟ್ಟ ಉತ್ತರದ ಪ್ರತಿಯನ್ನು ಪುರಸಭೆಗೆ ಕಳಿಸುವ ರೂಢಿ ಇರಲಿಲ್ಲ. ಶಾಸಕರ ಆಪ್ತ ಸಹಾಯಕರನ್ನು ಹಿಡಿದು ತರಿಸಿ ಮುಂದಿನ ಸಭೆಯಲ್ಲಿ ಓದಿದೆ. ಒಳಚರಂಡಿ ಬಗ್ಗೆ ನಾನು 'ಪ್ರಸ್ತಾವನೆ ಸಲ್ಲಿಸಲಾಗಿದೆ' ಎಂದು ಬರೆದು ಕಳಿಸಿದ್ದೆ. ಸದನದಲ್ಲಿ ಓದಿದ ಉತ್ತರ: ಪುರಸಭೆಯಿಂದ ಪ್ರಸ್ತಾವನೆ ಸ್ವೀಕೃತವಾಗಿರುವುದಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ ನಗು. ಆ ಸದಸ್ಯೆ ನಗಲಿಲ್ಲ. ಆ ವರ್ಷದ ಠರಾವಿಗೆ ಅವರು ಒಂದು ಸಾಲು ಸೇರಿಸಿದರು: ಹಿಂದಿನ ಪ್ರಸ್ತಾವನೆಯ ರವಾನೆ ಸಂಖ್ಯೆ, ತಾರೀಕು, ಸ್ವೀಕೃತಿ ರಸೀದಿಯ ನಕಲನ್ನು ಶಾಸಕರಿಗೆ ಖುದ್ದಾಗಿ ಕೊಟ್ಟು ಅವರ ಸಹಿ ಪಡೆಯತಕ್ಕದ್ದು. ಸಹಿ ಹಾಕಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೇ ಬಂತು.