1924 ಅಂದ್ರೆ ಬರೀ ಕಾವೇರಿ ಒಪ್ಪಂದ ಅಲ್ಲ

ಮಂಡ್ಯದವರಿಗೆ 1924ರ ಬಗ್ಗೆ ಹೇಳಿಕೊಡೋದು ಬೇಡ. ಮೈಸೂರು-ಮದರಾಸು ಕಾವೇರಿ ಒಪ್ಪಂದದ ವರ್ಷ ಅದು. ಅದೇ ವರ್ಷ ದೂರದಲ್ಲಿ ಇನ್ನೆರಡು ಸಂಗತಿ ನಡೆದವು. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಅನ್ನೋ ವೈದ್ಯ ಮನುಷ್ಯನ ಮೆದುಳಿನ ಕರೆಂಟನ್ನ ಮೊದಲ ಸಲ ದಾಖಲಿಸಿದ. ಜಪಾನಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರಿಗೆ ಮೆದುಳು ಜ್ವರ ಬಂತು. ಈ ಮೂರೂ ನಮ್ಮ ಜಿಲ್ಲೆಯ ಮಕ್ಕಳ ತಲೆಯಲ್ಲಿ ಬಂದು ಸೇರಿದ್ದು ಎಷ್ಟೋ ವರ್ಷ ಆದಮೇಲೆ.

ಶುರುವಾಗಿದ್ದೂ ಕರೆಂಟಿನಿಂದಲೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಬೇಸಿಗೆಯಲ್ಲಿ ನೀರು ಸಾಲದೆ ಬಂದಿದ್ದರಿಂದ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟೋ ಕೆಲಸ 1911ರಲ್ಲಿ ಶುರುವಾಯ್ತು. ಆಮೇಲೆ ಇರ್ವಿನ್ ನಾಲೆ ಬಂತು, ಈಗಿನ ವಿಶ್ವೇಶ್ವರಯ್ಯ ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳು ಗದ್ದೆಯಾದವು. ಭತ್ತ ಬಂತು, ಕಬ್ಬು ಬಂತು, ಸೊಳ್ಳೇನೂ ಬಂತು.

ಗದ್ದೆಯಲ್ಲಿ ನಿಂತ ನೀರಿನಲ್ಲಿ ಹುಟ್ಟೋ ಕ್ಯೂಲೆಕ್ಸ್ ಸೊಳ್ಳೆ, ಹಂದಿಗಳಿಂದ ಮತ್ತು ಬೆಳ್ಳಕ್ಕಿ ಜಾತಿಯ ಹಕ್ಕಿಗಳಿಂದ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನ ಮಕ್ಕಳಿಗೆ ತರುತ್ತೆ. ಮಗುವಿನಿಂದ ಮಗುವಿಗೆ ಇದು ಹರಡಲ್ಲ. ಭಾರತದಲ್ಲಿ ಇದನ್ನ ರೋಗಿಗಳಲ್ಲಿ ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನ ಕಡೆ. ಆಮೇಲೆ ಕೋಲಾರ, ಮಂಡ್ಯ ಜಿಲ್ಲೆಗಳೂ ಪಟ್ಟಿಗೆ ಸೇರಿದವು. (ಶಿವನಸಮುದ್ರದ ತಂತಿಯ ಎರಡೂ ತುದಿ! ಕಾಕತಾಳೀಯ ಅಷ್ಟೇ, ಕೋಲಾರಕ್ಕೆ ಕಾವೇರಿ ನಾಲೆ ಎಲ್ಲಿದೆ?)

ಈಗ ಬರ್ಗರನ ಯಂತ್ರಕ್ಕೆ ಬರೋಣ, ಅದೇ ಇ.ಇ.ಜಿ. ನೆತ್ತಿಯ ಮೇಲೆ ಸಿಗೋದು ಮೈಕ್ರೋವೋಲ್ಟ್ ಲೆಕ್ಕದ ಸಿಗ್ನಲ್. ಕಣ್ಣು ಮುಚ್ಚಿ ಆರಾಮಾಗಿ ಕೂತ ದೊಡ್ಡವರಲ್ಲಿ ಸೆಕೆಂಡಿಗೆ 8ರಿಂದ 13 ಅಲೆ. ಮೆದುಳಿಗೆ ಪೆಟ್ಟು ಬಿದ್ದ ಮಗುವಿನಲ್ಲಿ 4ಕ್ಕಿಂತ ಕಡಿಮೆಯ ನಿಧಾನ ಅಲೆಗಳು ತುಂಬಿಕೊಳ್ಳುತ್ತವೆ. ಆದರೆ ಎಳೆಮಕ್ಕಳ ಅಲೆ ಸಹಜವಾಗಿಯೇ ನಿಧಾನ, ವಯಸ್ಸು ನೋಡದೆ ಓದೋ ಹಾಗಿಲ್ಲ. ಇಂಜಿನಿಯರಿಂಗಿನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವನಿಗೆ ಇಲ್ಲೇ ತಲೆ ಕೆಡೋದು. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಆದರೂ ನಿಧಾನ ಅಲೆ, ಸೊಳ್ಳೆ ತಂದ ವೈರಸ್ ಆದರೂ ನಿಧಾನ ಅಲೆ. ಎಂಥ ಫಿಲ್ಟರ್ ಹಾಕಿದರೂ ಕಾರಣ ಯಾವುದು ಅಂತ ಅಲೆ ಒಂದೇ ಹೇಳಲ್ಲ. ಮೊದಲನೆಯದಕ್ಕೆ ಆಂಟಿಬಯಾಟಿಕ್ ಇದೆ, ಗಂಟೆಗಳ ತಡವೂ ಮಗುವಿನ ಜೀವಕ್ಕೆ ಬರಬಹುದು. ಎರಡನೆಯದಕ್ಕೆ ಇವತ್ತಿಗೂ ಔಷಧಿ ಇಲ್ಲ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂವತ್ತರವರೆಗೂ ಸಾಯಬಹುದು, ಬದುಕಿದ ಅನೇಕರಿಗೆ ಕೈಕಾಲು, ಮಾತು, ಬುದ್ಧಿಯ ತೊಂದರೆ ಉಳಿಯುತ್ತೆ. ಎರಡನ್ನೂ ಬೇರೆ ಮಾಡೋದು ಬೆನ್ನುಮೂಳೆಯಿಂದ ತೆಗೆದ ನೀರಿನ ಪರೀಕ್ಷೆ.

ಹಾಗಾದ್ರೆ ಇ.ಇ.ಜಿ. ಯಾಕೆ? ಮೈ ಅಲ್ಲಾಡದೆ ಒಳಗೊಳಗೇ ಫಿಟ್ಸ್ ನಡೆಯುತ್ತಿರಬಹುದು. ಮಗು ಮಲಗಿದೆ ಅಂತ ಅಮ್ಮ ಅಂದುಕೊಂಡಿರ್ತಾಳೆ. ಅದು ಕಾಣಿಸೋದು ಆ ಗೆರೆಗಳಲ್ಲೇ.

ಟಿ.ಎಂ.ಸಿ., ಕ್ಯೂಸೆಕ್ ನಮ್ಮವರಿಗೆ ಬಾಯಿಪಾಠ. ಈ ಲೆಕ್ಕ ಯಾರೂ ಕೇಳಲ್ಲ. ಜಪಾನಿನಲ್ಲಿ ಇದರ ಲಸಿಕೆಗೆ ಪರವಾನಗಿ ಸಿಕ್ಕಿದ್ದು 1954ರಲ್ಲಿ. ನಮ್ಮ ದೇಶದಲ್ಲಿ ದೊಡ್ಡ ಮಟ್ಟದ ಲಸಿಕೆ ಅಭಿಯಾನ ಶುರುವಾಗಿದ್ದು 2006ರಲ್ಲಿ. ಆ ವರ್ಷ ಕರ್ನಾಟಕದಿಂದ ಆಯ್ಕೆಯಾಗಿದ್ದು ಬಳ್ಳಾರಿ. ಮಂಡ್ಯದ ಸರದಿ ಬಂದಿದ್ದು ಆಮೇಲೆ.